ಮೂಗಿಗಿಂತ ಮಾಸ್ಕು ಭಾರ

ಮನುಷ್ಯರ ಮೂಗು ಎಷ್ಟು ಬಗೆಯದು ಅನ್ನೋದು ಮಾಸ್ಕು ಕೊಳ್ಳೋಕೆ ಹೊರಟಾಗಲೇ ನೋಡಿ ಗೊತ್ತಾಗೋದು. ಅಲ್ಲಿಯವರೆಗೆ ಮೂಗು ಅಂದರೆ ಮೂಗು, ಅಷ್ಟೆ. ಪಕ್ಕದ ಮನೆಯವರು ಮೊನ್ನೆ ಬೇಲಿಯಾಚೆಯಿಂದ, "ಬಿಸಾಕದೆ ದಿನಾ ಹಾಕಿಕೊಳ್ಳೋ ಅಂಥ ಗಟ್ಟಿ ಮಾಸ್ಕು ಯಾವುದು ತಗೊಳ್ಳಲಿ?" ಅಂತ ಕೇಳಿದರು. "ಯಾರ ಮೂಗಿಗೆ?" ಅಂದೆ. "ಮೂಗು ಯಾರದ್ದಾದರೇನು, ಒಳ್ಳೇ ಕಂಪನಿಯದು ಹೇಳಿ ಮಾರಾಯ್ರೆ" ಅಂದರು. ಅಲ್ಲೇ ಇರೋದು ನೋಡಿ ತಮಾಷೆ. ಚಪ್ಪಲಿ ಕೊಳ್ಳುವಾಗ ಪಾದ ಅಳೀತೀವಿ, ಬಳೆ ಕೊಳ್ಳುವಾಗ ಮಣಿಕಟ್ಟು ಹಿಂಡಿಸಿಕೊಳ್ತೀವಿ, ಮಾಸ್ಕಿನ ವಿಷಯ ಬಂದರೆ ಮಾತ್ರ ಡಬ್ಬದ ಮೇಲಿನ ನಂಬರು ನೋಡಿ ದುಡ್ಡು ಎಣಿಸ್ತೀವಿ, ಅಲ್ವಾ?

ನಮ್ಮ ಡಿಐಪಿ ನಿಮಗೆ ಗೊತ್ತೇ ಇದೆ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಅಂತ ಪೂರ್ತಿ ಹೆಸರು ಹೇಳೋರು ಬ್ಯಾಂಕಿನವರು ಮಾತ್ರ. 1997ರಲ್ಲಿ ಶುರುವಾದ 2,300 ಹೆಕ್ಟೇರಿನ ಜಾಗ. ಒಂದು ಕಡೆ ಗ್ರೀನ್ ಕಮ್ಯೂನಿಟಿಯ ಕೊಳ, ಬಾತುಕೋಳಿ, ಹುಲ್ಲುಹಾಸು. ಇನ್ನೊಂದು ಕಡೆ ಗಾಜು, ಪ್ಲಾಸ್ಟಿಕ್ಕು, ಕಬ್ಬಿಣ, ಮರದ ಕೆಲಸದ ಶೆಡ್ಡುಗಳು. ಅದರ ಹಿಂದೆ ಕೆಲಸಗಾರರ ವಸತಿ. ಇಷ್ಟರ ಮಧ್ಯೆ ಶಾಲೆ ಬಸ್ಸು. 311ನೇ ಹೆದ್ದಾರಿಯ ಲಾರಿಗಳದ್ದು ಹಗಲೂ ರಾತ್ರಿ ಗುಡುಗುಡು. ಇಂಥ ಊರು ಇನ್ನೊಂದಿದೆಯಾ ಹೇಳಿ? ಬೆಳಿಗ್ಗೆ ಬಾಲ್ಕನಿಗೆ ಬಂದು ಮೂಗು ಅರಳಿಸಿದರೆ ಸಾಕು, ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ಹೇಳಬಹುದು. ಬಣ್ಣದ ವಾಸನೆ ಬಂದರೆ ಒಂದು ದಿಕ್ಕು, ಬೇಕರಿ ವಾಸನೆ ಬಂದರೆ ಇನ್ನೊಂದು.

ಮಾಸ್ಕಿನ ವಿಷಯದಲ್ಲಿ ಇಲ್ಲೊಂದು ಅನುಕೂಲವೂ ಇದೆ. ಎರಡೂ ಕೆನ್ನೆಗೆ ಗುಲಾಬಿ ಫಿಲ್ಟರು ಬಿಲ್ಲೆ ಅಂಟಿಸಿಕೊಂಡ ರಬ್ಬರು ಮಾಸ್ಕು ಹಾಕಿ ದುಬೈ ಮರೀನಾದಲ್ಲಿ ಓಡಾಡಿದರೆ ಜನ ಮೊಬೈಲು ಎತ್ತಿ ವಿಡಿಯೋ ಮಾಡ್ತಾರೆ. ಡಿಐಪಿಯಲ್ಲಿ ಯಾರೂ ತಿರುಗಿ ನೋಡಲ್ಲ. ಯಾವುದೋ ಪೇಂಟಿಂಗ್ ಶೆಡ್ಡಿನವನು ಚಹಾಕ್ಕೆ ಬಂದಿರಬೇಕು ಅಂದುಕೊಂಡು ಸುಮ್ಮನಾಗ್ತಾರೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ಹಿರಿಯರು ಹೇಳಿದ್ದು ಸರಿ. ಆದರೆ ಆ ಪರರು ಇಲ್ಲಿ ತಾವೇ ಮಾಸ್ಕು ಹಾಕಿಕೊಂಡು ದುಡೀತಾ ಇದ್ದಾರಲ್ಲ!

ಕೋವಿಡ್ ಕಾಲ ಮುಗಿದಾಗ ಮಾಸ್ಕಿಗೆ ಒಂದು ನಮಸ್ಕಾರ ಹಾಕಿ ಕಳಿಸಿದ್ದೆವು. ಹಾಕದಿದ್ದರೆ 3,000 ದಿರ್ಹಂ ದಂಡ ಇದ್ದ ದಿನಗಳು ನೆನಪಿದೆಯಾ? ಕಾರಿನ ಕನ್ನಡಿಗೆ ಒಂದು, ಕಿಸೆಯಲ್ಲಿ ಒಂದು, ಚೀಲದಲ್ಲಿ ಒಂದು. ಆಮೇಲೆ 2022ರ ಸೆಪ್ಟೆಂಬರ್ ಕೊನೆಗೆ ಒಳಾಂಗಣದಲ್ಲೂ ಬೇಡ ಅಂದರು. ಆಸ್ಪತ್ರೆ, ಬಸ್ಸು-ಮೆಟ್ರೋ, ಪ್ರಾರ್ಥನೆಯ ಜಾಗಗಳಲ್ಲಿ ಮಾತ್ರ ಉಳಿಸಿಕೊಂಡರು. ಸರಿಯಾಗಿ ಅದರ ಮುಂದಿನ ವಾರವೇ ನಮ್ಮ ಪಕ್ಕದ ಜಬಲ್ ಅಲಿಯಲ್ಲಿ ಹೊಸ ದೇವಸ್ಥಾನ ತೆರೀತು. ಮಾಲ್‌ಗೆ ಹೋಗೋಕೆ ಬರೀ ಮುಖ ಸಾಕಾಗಿತ್ತು, ದೇವರ ಮುಂದೆ ನಿಲ್ಲೋಕೆ ಆಗ ಮುಚ್ಚಿದ ಮುಖ ಬೇಕಿತ್ತು. ವಿಚಿತ್ರ ಅಲ್ವಾ?

ಅಂಥ ಮಾಸ್ಕು ಮತ್ತೆ ಯಾಕೆ ನೆನಪಾಯ್ತು ಅಂದರೆ, 2024ರ ಏಪ್ರಿಲ್ 16ರ ಮಳೆ. ಇಲ್ಲಿ ಎಪ್ಪತ್ತೈದು ವರ್ಷಗಳಲ್ಲಿ ಕಾಣದ ಮಳೆ ಅಂದರು. ಡಿಐಪಿಯ ರಸ್ತೆಗಳು ಹೊಳೆಯಾದವು. ನೀರು ಇಳಿದ ಮೇಲೆ ಶುರುವಾಯ್ತು ನೋಡಿ ಬೂಷ್ಟು. ಗೋಡೆಯ ಬುಡ, ಕಪಾಟಿನ ಹಿಂಭಾಗ, ರತ್ನಗಂಬಳಿಯ ಅಡಿ, ಎಲ್ಲಾ ಕಡೆ. ಮಲೆನಾಡಿನಲ್ಲಿ ಹುಟ್ಟಿ ಬೆಳೆದ ನನಗೆ ಬೂಷ್ಟು ಹೊಸದಲ್ಲ, ಆಷಾಢದಲ್ಲಿ ನಮ್ಮಲ್ಲಿ ಬೆಲ್ಟಿಗೂ ಬೂಷ್ಟು ಹಿಡಿಯುತ್ತೆ. ಮರುಭೂಮಿಗೆ ಬಂದೂ ಅದನ್ನೇ ಕೆರೀಬೇಕಾಯ್ತಲ್ಲ ಅಂತ ನಗು ಬಂತು. ಕೆರೆದರೆ ಅದರ ಬೀಜಕಣ ಗಾಳಿಗೆ ಏಳುತ್ತೆ, ಮೂಗಿಗೆ ಹೋಗುತ್ತೆ. ಅವತ್ತು ಸುತ್ತಮುತ್ತ ಎಷ್ಟೋ ಮನೆಯವರು ಮಾಸ್ಕು ಹುಡುಕಿಕೊಂಡು ಹೊರಟರು. ಅದರ ಮೇಲೆ ಶಮಾಲ್ ಗಾಳಿ ಇದ್ದೇ ಇದೆ. ವಾಯವ್ಯದಿಂದ ಬರುತ್ತೆ, ಇರಾಕಿನ ಬಯಲಿನ ಧೂಳನ್ನೂ ಹೊತ್ತು ತಂದು ನಮ್ಮ ಕಿಟಕಿ ಚೌಕಟ್ಟಿನಲ್ಲಿ ಇಳಿಸುತ್ತೆ. ವೀಸಾನೂ ಬೇಡ, ಏನೂ ಬೇಡ.

ಅಂಗಡಿಗೆ ಹೋದರೆ ಕಾಣೋದು ಅಂಕಿಗಳ ಜಾತ್ರೆ. ಕೆಲವು ದೇಶಗಳಲ್ಲಾದರೆ ಒಂದೇ ಪದ್ಧತಿ ಇರುತ್ತೆ. ಇಲ್ಲಿ ಮೂರೂ ಒಂದೇ ಕಪಾಟಿನಲ್ಲಿ ಕೂತಿವೆ. ಅಮೆರಿಕದವರದ್ದು ಎನ್95, ಪಿ100. ಯುರೋಪಿನವರದ್ದು ಎಫ್‌ಎಫ್‌ಪಿ2, ಪಿ3. ಚೀನಾದವರದ್ದು ಕೆಎನ್95. ಎನ್ ಅಂದರೆ ಎಣ್ಣೆಯ ಹನಿ ತಡೆಯಲ್ಲ, ಪಿ ಅಂದರೆ ತಡೆಯುತ್ತೆ. 95 ಅಂದರೆ ನೂರಕ್ಕೆ 95 ಕಣ, 100 ಅಂತ ಬರೆದಿದ್ದರೂ ನಿಜವಾಗಿ 99.97. ಆ ಮೂರು ಪೈಸೆಯನ್ನು ನಮ್ಮೂರಿನ ಶೆಟ್ಟರಾದರೂ ಬಿಟ್ಟುಕೊಡುತ್ತಿದ್ದರು, ಅಮೆರಿಕದವರು ನಿಯತ್ತಾಗಿ ಲೆಕ್ಕದಲ್ಲಿ ತೋರಿಸಿ, ಹೆಸರಲ್ಲಿ ಮಾತ್ರ ಪೂರ್ತಿ ನೂರು ಇಟ್ಟುಕೊಂಡಿದ್ದಾರೆ. ಬಣ್ಣದಲ್ಲೂ ಜಗಳ. ಧೂಳಿನ ಫಿಲ್ಟರಿಗೆ ಅಮೆರಿಕದ ಬಣ್ಣ ಗಾಢ ಗುಲಾಬಿ, ಯುರೋಪಿನದು ಬಿಳಿ. ಬಣ್ಣ-ಥಿನ್ನರಿನ ಆವಿಗೆ ಅಮೆರಿಕದ್ದು ಕಪ್ಪು, ಯುರೋಪಿನದು ಕಂದು. ಬಣ್ಣ ನೋಡಿ ಕೊಂಡರೆ ಕೆಟ್ಟಿರಿ, ಅಕ್ಷರ ಓದಿಯೇ ಕೊಳ್ಳಬೇಕು.

ಈ ಫಿಲ್ಟರು ಪರೀಕ್ಷೆ ಮಾಡೋದು ಸುಮಾರು 0.3 ಮೈಕ್ರಾನಿನ ಕಣದಿಂದ. ಅದಕ್ಕಿಂತ ಚಿಕ್ಕದು ಇನ್ನೂ ಸಲೀಸಾಗಿ ನುಸುಳುತ್ತೆ ಅಂತ ನಾವು ಅಂದುಕೊಳ್ತೀವಿ, ಅಲ್ವಾ? ಅಲ್ಲವಂತೆ! ದೊಡ್ಡ ಕಣ ನೇರ ಬಂದು ಎಳೆಗೆ ಬಡಿದು ಅಲ್ಲೇ ನಿಲ್ಲುತ್ತೆ. ತೀರಾ ಸಣ್ಣ ಕಣ ರಾತ್ರಿ ಮನೆಗೆ ಹೊರಟ ಕುಡುಕನ ಹಾಗೆ ಆ ಕಡೆ ಈ ಕಡೆ ತೂರಾಡಿ ಯಾವುದಾದರೊಂದು ಎಳೆಗೆ ತಗುಲಿಕೊಂಡೇ ತೀರುತ್ತೆ. ದೊಡ್ಡದೂ ಅಲ್ಲದ, ಚಿಕ್ಕದೂ ಅಲ್ಲದ ಆ 0.3ರದ್ದು ಮಾತ್ರ ಯಾರ ಕಣ್ಣಿಗೂ ಬೀಳದೆ ಸರಿದುಹೋಗುತ್ತೆ. ಅದಕ್ಕೇ ಅದನ್ನು ಹಿಡಿದರೆ ಉಳಿದದ್ದೆಲ್ಲ ಹಿಡಿದ ಲೆಕ್ಕ.

ಇಷ್ಟೆಲ್ಲ ಕೇಳಿ ಪಕ್ಕದ ಮನೆಯವರು, "ಹಾಗಾದರೆ ಪಿ100 ತಗೊಂಡುಬಿಟ್ಟರೆ ಮುಗೀತಲ್ಲ" ಅಂದರು. ಮುಗೀಲಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತೆಯವರು, ಓಶಾ ಅಂತಾರಲ್ಲ, ಅವರ ಪಟ್ಟಿಯಲ್ಲಿ ಎನ್95ಕ್ಕೂ ಪಿ100 ಬಿಲ್ಲೆ ಹಾಕಿದ ಅರ್ಧಮುಖದ ರಬ್ಬರು ಮಾಸ್ಕಿಗೂ ಕೊಟ್ಟಿರೋ ಅಂಕ ಒಂದೇ: ಹತ್ತು. ಹೊರಗೆ ಹತ್ತು ಪಾಲು ಧೂಳಿದ್ದರೆ ಒಳಗೆ ಒಂದು ಪಾಲು ಬರಬಹುದು ಅಂತ ಅರ್ಥ. 99.97 ತಡೆಯೋ ಫಿಲ್ಟರಿಗೆ ಇಷ್ಟು ಕಡಿಮೆ ಅಂಕ ಯಾಕೆ? ಧೂಳು ಫಿಲ್ಟರಿನ ಬಾಗಿಲು ಬಡಿಯೋದೇ ಇಲ್ಲ ಸ್ವಾಮಿ, ಮೂಗಿನ ಪಕ್ಕದ ಸಂದಿಯಿಂದ ಒಳಗೆ ಬರುತ್ತೆ. ನಿಮ್ಮ ಮುಖಕ್ಕೂ ರಬ್ಬರಿಗೂ ಒಗ್ಗಿತಾ ಇಲ್ಲವಾ, ಅಷ್ಟೇ ಪ್ರಶ್ನೆ. ಕಂಪನಿ ಎಷ್ಟು ದೊಡ್ಡದಾದರೂ ಮುಖ ನಿಮ್ಮದೇ ತಾನೆ?

ಅದಕ್ಕೇ ಅಳತೆ. ತ್ರೀಎಂ ಕಂಪನಿಯ 6000 ಸರಣಿಯಲ್ಲಿ 6100 ಸಣ್ಣದು, 6200 ಮಧ್ಯಮ, 6300 ದೊಡ್ಡದು. ಮೆತ್ತಗಿನ ಸಿಲಿಕೋನ್ ಬೇಕು ಅಂದರೆ 7501, 7502, 7503. ಡ್ರೇಗರ್‌ನವರದ್ದು, ಇಟಲಿಯ ಜಿವಿಎಸ್‌ನವರದ್ದು ಅಂತ ಬೇರೆಯವೂ ಇವೆ. ಆದರೆ ಅಂಗಡಿಗಳಲ್ಲಿ ಕೇಳಿ ನೋಡಿ, ಮಧ್ಯಮ ಇದೆ, ದೊಡ್ಡದಿದೆ, ಸಣ್ಣದು ಮಾತ್ರ "ತರಿಸಿಕೊಡ್ತೀವಿ". ಕಾರ್ಖಾನೆಯ ಗಂಡಸರನ್ನೇ ಲೆಕ್ಕ ಹಾಕಿ ತರಿಸೋ ಸರಕು ಇದು. ಹೆಂಗಸರ ಮುಖಕ್ಕೆ ಮಧ್ಯಮ ಹಾಕಿದರೆ ಗಲ್ಲದ ಕೆಳಗೆ ಒಂದು ಕಿಟಕಿಯೇ ತೆರೆದಿರುತ್ತೆ.

ಹೆಂಗಸರು ಅಂದ ಕೂಡಲೇ ಮೂಗುತಿ ನೆನಪಾಯ್ತು. ಪಕ್ಕದ ಮನೆಯಾಕೆಗೆ ಅದೇ ಚಿಂತೆ. "ಮೂಗುತಿ ತೆಗೀಬೇಕಾ? ನಮ್ಮತ್ತೆಗೆ ಗೊತ್ತಾದರೆ ಊರಿಂದ ವಿಮಾನ ಹತ್ತಿ ಬರ್ತಾರೆ." ತೆಗೀಬೇಕಾಗಿಲ್ಲ. ಅರ್ಧಮುಖದ ಮಾಸ್ಕಿನ ಅಂಚು ಕೂರೋದು ಮೂಗಿನ ಮೇಲುಭಾಗದ ಎಲುಬಿನ ಮೇಲೆ, ಕೆನ್ನೆಯ ಮೇಲೆ, ಗಲ್ಲದ ಕೆಳಗೆ. ಮೂಗುತಿ ಹಾಯಾಗಿ ಒಳಗಿರುತ್ತೆ. ತುರುಬಿಗೂ ತೊಂದರೆ ಇಲ್ಲ, ಪಟ್ಟಿ ಎರಡಿರುತ್ತೆ. ಒಂದು ನೆತ್ತಿಗೆ, ಒಂದು ಕುತ್ತಿಗೆಗೆ, ಮಧ್ಯೆ ತುರುಬು. ತಕರಾರು ಇರೋದು ಕನ್ನಡಕದ್ದು. ಅದೂ ಅದೇ ಮೂಗಿನ ಎಲುಬಿನ ಮೇಲೆ ಕೂರೋಕೆ ಬರುತ್ತೆ. ಇಬ್ಬರಿಗೂ ಒಂದೇ ಜಗಲಿ, ಯಾರಾದರೊಬ್ಬರು ಸ್ವಲ್ಪ ಸರಿದು ಕೂರಬೇಕು.

ಗಂಡಸರ ಕಷ್ಟ ದೊಡ್ಡದು. ಗಡ್ಡ! ರಬ್ಬರಿನ ಅಂಚಿನಡಿ ನಾಲ್ಕು ಕೂದಲು ಸಿಕ್ಕಿದರೂ ಮುಗೀತು, ಗಾಳಿಗೆ ಅದೇ ರಾಜಮಾರ್ಗ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರು 2017ರಲ್ಲಿ ಇದಕ್ಕೆ ಒಂದು ಚಿತ್ರಪಟವನ್ನೇ ಮಾಡಿದ್ದಾರೆ: ಯಾವ ಗಡ್ಡಕ್ಕೆ ಮಾಸ್ಕು ಹಿಡಿಯುತ್ತೆ, ಯಾವುದಕ್ಕೆ ಹಿಡಿಯಲ್ಲ ಅಂತ. ಸಾಲು ಸಾಲು ಮುಖಗಳು, ಬಗೆಬಗೆಯ ಕ್ಷೌರ. ಸರ್ಕಾರಿ ಆಫೀಸಿನಲ್ಲಿ ಕೂತು ಅದನ್ನು ಬರೆದವರಿಗೆ ಎಷ್ಟು ಖುಷಿಯಾಗಿರಬೇಕು! ಮೀಸೆಗೆ ಅಡ್ಡಿ ಇಲ್ಲ, ಅದು ಮಾಸ್ಕಿನ ಒಳಗೇ ಇದ್ದರೆ. ನಮ್ಮ ಕಡೆಯ ಹುರಿಮೀಸೆಯವರು ಮಾತ್ರ ಎರಡೂ ತುದಿಯನ್ನು ಒಳಕ್ಕೆ ಮಡಚಿಕೊಳ್ಳಬೇಕು. ಗಡ್ಡಕ್ಕೆ ಬೆಂಕಿ ಹತ್ತಿದಾಗ ಬಾವಿ ತೋಡಬೇಡಿ ಅಂತ ಗಾದೆ. ಮಾಸ್ಕಿನವರ ಪ್ರಕಾರ ಬಾವಿಯೇ ಬೇಡ, ಗಡ್ಡ ತೆಗೆದುಬಿಡಿ.

ಮಾಸ್ಕು ಕೂತಿದೆಯಾ ಅಂತ ಮನೆಯಲ್ಲೇ ನೋಡಬಹುದು. ಎರಡೂ ಫಿಲ್ಟರನ್ನು ಅಂಗೈಯಲ್ಲಿ ಮುಚ್ಚಿ ಮೆಲ್ಲಗೆ ಉಸಿರೆಳೆದರೆ ಮಾಸ್ಕು ಮುಖಕ್ಕೆ ಕಚ್ಚಿಕೊಳ್ಳಬೇಕು. ಮುಂದಿನ ಕವಾಟ ಮುಚ್ಚಿ ಉಸಿರು ಬಿಟ್ಟರೆ ಸ್ವಲ್ಪ ಉಬ್ಬಬೇಕು, ಪಕ್ಕದಿಂದ ಪುಸ್ ಅನ್ನಬಾರದು. ಇದನ್ನು ಹಾಕಿದಾಗಲೆಲ್ಲ ಮಾಡಬೇಕು. ಕಾರ್ಖಾನೆಯವರು ಮಾಡಿಸೋ ಪರೀಕ್ಷೆಯ ಗತ್ತೇ ಬೇರೆ. ತಲೆಗೆ ಒಂದು ಟೊಪ್ಪಿಗೆ ತೊಡಿಸಿ, ಒಳಗೆ ಸ್ಯಾಕರಿನ್ನಿನ ಸಿಹಿ ಹನಿಯನ್ನೋ ಬಿಟ್ರೆಕ್ಸ್ ಅನ್ನೋ ಕಹಿ ಹನಿಯನ್ನೋ ಚಿಮ್ಮಿಸ್ತಾರೆ. ನಾಲಗೆಗೆ ರುಚಿ ಗೊತ್ತಾದರೆ ಫೇಲು. ಅಷ್ಟು ಹೊತ್ತು ಸುಮ್ಮನೆ ನಿಲ್ಲೋ ಹಾಗಿಲ್ಲ. ತಲೆ ಆ ಕಡೆ ಈ ಕಡೆ ತಿರುಗಿಸಬೇಕು, ಮೇಲೆ ಕೆಳಗೆ ಆಡಿಸಬೇಕು, ಬಗ್ಗಬೇಕು, ಮಾತಾಡಬೇಕು. ಮಾತಾಡೋಕೆ ಏನು ಮಾತು? ಓಶಾ ನಿಯಮದಲ್ಲಿ ಅದನ್ನೂ ಬರೆದಿದ್ದಾರೆ: ಕೊಟ್ಟ ಬರಹ ಓದಬಹುದು, ನೂರರಿಂದ ಹಿಂದಕ್ಕೆ ಎಣಿಸಬಹುದು, ಇಲ್ಲವೇ ಬಾಯಿಪಾಠ ಬರೋ ಪದ್ಯ ಹೇಳಬಹುದು! ಯೋಚನೆ ಮಾಡಿ, ಡಿಐಪಿಯ ಯಾವುದೋ ಶೆಡ್ಡಿನಲ್ಲಿ ನಮ್ಮೂರ ಹುಡುಗನೊಬ್ಬ ಪ್ಲಾಸ್ಟಿಕ್ ಟೊಪ್ಪಿಗೆಯೊಳಗೆ ನಿಂತು, ಪ್ರೈಮರಿ ಶಾಲೆಯ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ ಪದ್ಯವನ್ನು ಗಟ್ಟಿಯಾಗಿ ಹೇಳ್ತಾ ಬಗ್ಗಿ ಏಳ್ತಾ ಇದ್ದಾನೆ. ಮೇಷ್ಟ್ರಿಗೆ ಗೊತ್ತಿತ್ತಾ, ಅದು ಶ್ವಾಸಕೋಶದ ರಕ್ಷಣೆಗೂ ಬೇಕಾಗುತ್ತೆ ಅಂತ?

ಮೇಷ್ಟ್ರು ಅಂದರೆ ಊರು, ಊರು ಅಂದರೆ ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆರೋಗ ಬರುತ್ತೆ ಅಂತ ಔಷಧಿ ಹೊಡೀತಾರಲ್ಲ, ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಕಟ್ಟಿದ ಲೆಸ್ಲಿ ಕೋಲ್ಮನ್ ಸಾಹೇಬರು ನೂರಕ್ಕೂ ಹೆಚ್ಚು ವರ್ಷದ ಹಿಂದೆ ಈ ರೋಗದ ಬೆನ್ನು ಹತ್ತಿ ಆ ಔಷಧಿಯ ದಾರಿ ತೋರಿಸಿದರು. ಅದಕ್ಕೂ ಮೊದಲು ಗೊನೆಗೆ ಮಳೆ ತಾಗದ ಹಾಗೆ ಕರಡದ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು. ಅಡಿಕೆ ಗೊನೆಗೆ ಅಷ್ಟು ಉಪಚಾರ! ಮರ ಹತ್ತಿದ ಕೊನೆಗಾರನ ಮೂಗಿಗೆ ಏನು? ಒಂದು ಟವೆಲ್ಲು. ಸಂಜೆ ಇಳಿದಾಗ ಅವನ ಮೈಕೈ, ಟವೆಲ್ಲು ಎಲ್ಲ ನೀಲಿ. ಟವೆಲ್ಲಿನ ಹೊರಮೈ ಎಷ್ಟು ನೀಲಿಯೋ ಒಳಮೈಯೂ ಅಷ್ಟೇ ನೀಲಿ. ಚಿಕ್ಕವನಾಗಿದ್ದಾಗ ನನಗೆ ಆ ಬಣ್ಣ ಬಲು ಚಂದ ಕಾಣ್ತಿತ್ತು. ಬಟ್ಟೆ ಏನನ್ನು ತಡೆಯುತ್ತೆ, ಏನನ್ನು ತಡೆಯಲ್ಲ ಅನ್ನೋದಕ್ಕೆ ಬೇರೆ ಪುಸ್ತಕ ಬೇಕಾಗಿರಲಿಲ್ಲ.

ನಮ್ಮ ಕಾಲೋನಿಯಲ್ಲಿ ಕೋಲಾರ ಕಡೆಯವರೊಬ್ಬರಿದ್ದಾರೆ. ಮಾಸ್ಕಿನ ಮಾತು ಬಂದರೆ ಕೆಜಿಎಫ್ ಗಣಿಗೇ ಇಳಿದುಬಿಡ್ತಾರೆ. ಸಿನಿಮಾದ್ದಲ್ಲ, ಅಸಲಿ ಕೆಜಿಎಫ್. ಕಲ್ಲು ಕೊರೆದ ಧೂಳು ಎದೆಯಲ್ಲಿ ಕೂತು ಸಿಲಿಕೋಸಿಸ್ ಆಗುತ್ತೆ ಅಂತ ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದೇ ಅಲ್ಲಿ. ಗಣಿ ಮುಚ್ಚಿದ್ದು 2001ರಲ್ಲಿ. ಅವರದ್ದು ಒಂದೇ ಮಾತು: "ಧೂಳು ಏಳದ ಹಾಗೆ ನೀರು ಹೊಡಿ, ಗಾಳಿ ಆಡಿಸು, ಆಮೇಲೆ ಮಾಸ್ಕು." ಸರಿಯಾದ ಮಾತೇ. ಕಿಟಕಿ ಸಂದಿಗೆ ಪಟ್ಟಿ ಅಂಟಿಸಿ ಒದ್ದೆ ಬಟ್ಟೆಯಲ್ಲಿ ಒರೆಸೋದು ಬಿಟ್ಟು, ಪೊರಕೆ ಹಿಡಿದು ಧೂಳೆಬ್ಬಿಸಿ ಮಾಸ್ಕು ಹಾಕಿಕೊಂಡರೆ ಯಾರಿಗೆ ಲಾಭ?

ಇನ್ನು ಭಾರ. ಫಿಲ್ಟರಿಲ್ಲದ ರಬ್ಬರು ಮಾಸ್ಕು ನೂರು ಗ್ರಾಮಿನ ಆಸುಪಾಸು. ಕೈಯಲ್ಲಿ ಹಿಡಿದರೆ ಏನೂ ಅಲ್ಲ. ಮುಖದ ಮೇಲೆ ಅರ್ಧ ಗಂಟೆ ಇದ್ದರೆ ಮೂಗಿಗಿಂತ ಮೂಗುತಿ ಭಾರ ಅಂದವರು ಸುಮ್ಮನೆ ಅಂದಿಲ್ಲ ಅನಿಸುತ್ತೆ. ಆಗಸ್ಟ್‌ನಲ್ಲಿ ಗಲ್ಲದ ಹತ್ತಿರ ಬೆವರಿನ ಒಂದು ಪುಟ್ಟ ಕೆರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ ಅಂತ ಸರ್ಕಾರವೇ ಹೇಳಿರೋ ದೇಶದಲ್ಲಿ ನಾವು ಆ ಹೊತ್ತಿಗೆ ರಬ್ಬರು ಕಟ್ಟಿಕೊಂಡು ತರಕಾರಿಗೆ ಹೋಗಬೇಕಾ ಹೇಳಿ? ಉಬ್ಬಸ ಇದ್ದವರು, ಎದೆ ತೊಂದರೆ ಇದ್ದವರು ಡಾಕ್ಟರನ್ನು ಒಂದು ಮಾತು ಕೇಳಿಯೇ ಕೊಳ್ಳೋದು ಒಳ್ಳೇದು. ಮಾತಿನ ಕಷ್ಟ ಬೇರೆ. ಮಾಸ್ಕಿನೊಳಗಿಂದ ಊರಿಗೆ ಫೋನು ಮಾಡಿದರೆ ಅಮ್ಮ, "ಶೀತ ಆಗಿದೆಯಾ? ಕಷಾಯ ಕುಡಿ" ಅಂತಾರೆ. ಕಷಾಯದ ವಿಧಾನ ಹೇಳಿ ಮುಗಿಯೋವರೆಗೆ ನಾವು ಯಾಕೆ ಫೋನು ಮಾಡಿದ್ದು ಅಂತ ಹೇಳೋ ಹಾಗೇ ಇಲ್ಲ. ಮಾತು ಕೇಳಿಸೋಕೆ ಅಂತಲೇ ತೆಳುಪರದೆ ಇಟ್ಟ ಮಾಸ್ಕೂ ಬಂದಿವೆ ಈಗ, ಮಾತಿನ ಮಲ್ಲರಿಗೆ ಅದೇ ಸೈ.

ಇನ್ನೊಂದು. ಮುಂದಿನ ಕವಾಟದಿಂದ ಉಸಿರು ಸೋಸದೆ ಹೊರಗೆ ಹೋಗುತ್ತೆ. ಧೂಳಿಗೆ ಅದು ಪರವಾಗಿಲ್ಲ. ನಿಮಗೆ ಜ್ವರ, ಕೆಮ್ಮು ಇದ್ದು ಆಸ್ಪತ್ರೆಗೆ ಹೋಗೋದಾದರೆ ಕವಾಟ ಇಲ್ಲದ್ದೇ ಮರ್ಯಾದೆ.

ವಾಸನೆಯ ವಿಷಯಕ್ಕೂ ಬಂದೇಬಿಡ್ತೀನಿ. ಪಿ100 ಹಾಕಿದರೂ ಪೇಂಟಿನ ವಾಸನೆ ಬರ್ತಿದೆ, ಮೋಸ ಮಾಲು ಅಂತ ಜನ ಬೈಯೋದುಂಟು. ಮೋಸ ಅಲ್ಲ, ಅದು ಕಣ ಹಿಡಿಯೋದು, ಆವಿ ಹಿಡಿಯೋದಲ್ಲ. ಆವಿಗೆ ಇದ್ದಿಲು ತುಂಬಿದ ಡಬ್ಬಿ ಬೇಕು. ತ್ರೀಎಂನದೇ 2097 ಅಂತ ಒಂದಿದೆ, ಗುಲಾಬಿ ಬಿಲ್ಲೆಯೊಳಗೆ ಸ್ವಲ್ಪ ಇದ್ದಿಲು. ಬೀದಿಯ ಸಣ್ಣಪುಟ್ಟ ವಾಸನೆಗೆ ಸಾಕು, ಪೇಂಟಿಂಗ್ ಕೆಲಸಕ್ಕೆ ಸಾಲದು. ಇದ್ದಿಲಿನದು ಇನ್ನೊಂದು ಚಾಳಿ: ಪೊಟ್ಟಣ ಒಡೆದ ಮೇಲೆ ನೀವು ಹಾಕಿಕೊಳ್ಳಿ ಬಿಡಿ, ಅದು ಮನೆಯ ಗಾಳಿಯನ್ನೇ ಹೀರ್ತಾ ಕೂತಿರುತ್ತೆ. ನಿಮ್ಮ ಒಗ್ಗರಣೆ ವಾಸನೆ ಹೀರಿ ಹೀರಿ ಸುಸ್ತಾಗಿರುತ್ತೆ. ಬಾಯಿ ಬಿಗಿದ ಚೀಲದಲ್ಲಿಡಿ.

ತೊಳೆಯೋದು ಬಲು ಸುಲಭ, ಜನ ಕಷ್ಟ ಮಾಡಿಕೊಳ್ತಾರೆ ಅಷ್ಟೆ. ಫಿಲ್ಟರು ಬಿಚ್ಚಿಡಿ, ಬರೀ ರಬ್ಬರನ್ನು ಉಗುರು ಬೆಚ್ಚಗಿನ ನೀರು, ಸಾದಾ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಫಿಲ್ಟರಿಗೆ ಮಾತ್ರ ನೀರೂ ಬೇಡ, ಸ್ಪಿರಿಟ್ಟೂ ಬೇಡ. ಅದರ ಎಳೆಗಳಲ್ಲಿ ವಿದ್ಯುತ್ತಿನ ಅಂಶ ತುಂಬಿರುತ್ತೆ, ಕಣಗಳನ್ನು ಎಳೆದು ಹಿಡಿಯೋದು ಅದೇ. ಟೆನೆಸಿ ವಿಶ್ವವಿದ್ಯಾಲಯದಲ್ಲಿದ್ದ ತೈವಾನ್ ಮೂಲದ ಪೀಟರ್ ತ್ಸಾಯ್ ಇಂಥ ಎಳೆಗಳಿಗೆ ವಿದ್ಯುತ್ತು ತುಂಬೋ ವಿಧಾನ ಕಂಡುಹಿಡಿದು ಹೆಸರಾದವರು. ನಾವು ಮಡಿ ಅಂತ ಸ್ಪಿರಿಟ್ಟಿನಲ್ಲಿ ಅದ್ದಿದರೆ ಅವರ ವರ್ಷಗಟ್ಟಲೆಯ ಶ್ರಮ ಬಚ್ಚಲಿಗೆ ಹೋಗುತ್ತೆ. ಹಾಗೇ ಕಾರಿನ ಡ್ಯಾಶ್‌ಬೋರ್ಡಿನ ಮೇಲೂ ಇಡಬೇಡಿ. ಜುಲೈ ಬಿಸಿಲಿಗೆ ರಬ್ಬರು ಸೊಟ್ಟಗಾದರೆ, ನಿಮ್ಮ ಮುಖ ಅದೇ ಥರ ಸೊಟ್ಟ ಆಗೋವರೆಗೆ ಉಪಯೋಗಕ್ಕೆ ಬರಲ್ಲ.

ಹಾಗಾಗಿ ಪಕ್ಕದ ಮನೆಯವರಿಗೆ ಕೊನೆಗೆ ನಾನು ಹೇಳಿದ್ದು ಇಷ್ಟೇ. ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ, ಒಬ್ಬೊಬ್ಬರೂ ಹಾಕಿ ನೋಡಿ, ಅಂಗೈಯಲ್ಲಿ ಮುಚ್ಚಿ ಉಸಿರೆಳೆದು ನೋಡಿ, ಕೂತದ್ದನ್ನು ತನ್ನಿ. ಬೂಷ್ಟು ಕೆರೆಯೋಕೆ, ಶಮಾಲ್ ಎದ್ದ ದಿನಕ್ಕೆ ರಬ್ಬರಿನದು. ಮೆಟ್ರೋಗೆ, ಆಸ್ಪತ್ರೆಗೆ ಹಗುರದ ಎನ್95 ಥರದ್ದು. ಗೂಟಕ್ಕೆ ನೇತುಹಾಕಿದ ಪಿ100ಗಿಂತ ಮುಖದ ಮೇಲಿರೋ ಎನ್95 ದೊಡ್ಡದು. "ಗಡ್ಡ?" ಅಂದರು. ಅದು ನಿಮ್ಮ ನಿಮ್ಮ ಮನೆಯ ವಿಷಯ, ಹೆಂಡತಿಯನ್ನು ಕೇಳಿ ಅಂದೆ. ಆಕೆ ಒಳಗಿಂದಲೇ, "ಮಾಸ್ಕಿನ ನೆಪದಲ್ಲಾದರೂ ತೆಗೆಸಿ, ಪುಣ್ಯ ಬರುತ್ತೆ" ಅಂದರು.

ಅಯ್ಯೋ, ಮಾತಾಡ್ತಾ ಮಾತಾಡ್ತಾ ಆಕಾಶ ಹಳದಿಯಾಗಿದೆ ನೋಡಿ, ಗಾಳಿ ಎದ್ದಿತು. ನಿಮ್ಮ ಬಾಲ್ಕನಿಯಲ್ಲಿ ಹಪ್ಪಳ ಒಣಗಿಸಿದ್ದೀರಲ್ಲ, ಓಡಿ, ಓಡಿ. ಅದಕ್ಕೆ ಸರಿಹೋಗೋ ಅಳತೆ ಯಾವ ಕಂಪನಿಯವರೂ ಮಾಡಿಲ್ಲ!